ಕಾಳು ಇಡದ ಜಾಗ

“ಅದಕ್ಕೇ ರೀ ಬಾಯಿ, ಅಲ್ಲಿ ನಾವು ಯಾರೂ ಕಾಳು ಇಡಲಿಲ್ಲ. ಅವತ್ತು ನೀವು ನೋಡಿರಲ್ಲ?”

“ನೋಡೀನ್ರಿ ಆಯಿ. ನೋಡೇ ಬರದೀನಿ.”

“ಏನಂತ ಬರದೀರಿ?”

ವೃಂದಾಬಾಯಿ ಚಹಾದ ಬಶಿಯನ್ನು ಕಟ್ಟೆಯ ಮೇಲಿಟ್ಟಳು. “ಖಾಲಿ ಜಾಗ ಅಂತ. ಯಾರೂ ಬಳಸಂಗಿಲ್ಲ ಅಂತ.”

ಸತ್ಯಮ್ಮ ಅವಳ ಮುಖವನ್ನೇ ನೋಡಿದಳು. ಎಪ್ಪತ್ತು ದಾಟಿದ ಮುದುಕಿ, ಬಾಯಲ್ಲಿ ಉಳಿದದ್ದು ಮೂರು ಹಲ್ಲು, ಸತ್ತವರ ಮನೆಗೆ ಹೋದರೂ ಒಂದಲ್ಲ ಒಂದು ನಗುವ ಮಾತು ಹುಡುಕಿ ತೆಗೆಯುವವಳು. ಈಗ ನಗಲಿಲ್ಲ. ಓಣಿಯ ತುದಿಯ ಕಡೆಗೆ ಗದ್ದ ಎತ್ತಿ ತೋರಿಸಿದಳು, ಬೆರಳು ಮಾಡಲಿಲ್ಲ. ಅಲ್ಲಿ, ದೇಸಾಯರ ವಾಡೆಯ ಬಿದ್ದ ಗೋಡೆಯ ಪಕ್ಕದ ಬಯಲಿನಲ್ಲಿ, ನಿನ್ನೆ ಸಂಜೆ ಬಂದ ಹಳದಿ ಜೆಸಿಬಿ ನಿಂತಿತ್ತು. ಅದರ ಆಚೆ ಶಾಮಿಯಾನದ ಗಳಗಳ ರಾಶಿ. ನಾಳೆ ಹತ್ತು ಗಂಟೆಗೆ ಗುದ್ದಲಿ ಪೂಜೆ.

“ಖಾಲಿ ಅಲ್ರಿ ಅದು,” ಎಂದಳು ಸತ್ಯಮ್ಮ. “ಪೊಳ್ಳದ. ಅದರಾಗ ನಮ್ಮ ಮನಿಯವು ಮೂರು ಜೀವ ಹೋಗ್ಯಾವ.”

ವೃಂದಾಬಾಯಿ ಇವತ್ತು ನಾಗಲವಾಡಿಗೆ ಬಂದದ್ದು ಸಂತೋಷದ ಕೆಲಸಕ್ಕೆ. ಸಂತಪುರದಿಂದ ನಾಲ್ಕು ಕಿಲೋಮೀಟರು ಒಳಗಿರುವ, ನೂರಾ ಇಪ್ಪತ್ತು ಮನೆಗಳ ಈ ಊರಿಗೆ ಮೂರು ವರ್ಷದ ಓಡಾಟದ ನಂತರ ಕಾಳು ಇಡುವ ಗೋದಾಮು ಮಂಜೂರಾಗಿತ್ತು, ಅದರ ಜೊತೆಗೆ ಲಾರಿ ತೂಗುವ ಕಾಟಾ, ಕಾಳು ಒಣಗಿಸುವ ಫರಸಿ ಕಲ್ಲಿನ ಅಂಗಳ. ಅದನ್ನೆಲ್ಲ ನಡೆಸುವವರು ಹೆಣ್ಣುಮಕ್ಕಳ ಸಂಘದವರು. ತರಬೇತಿಗೆ ಹೋಗುವ ಹದಿನಾಲ್ಕು ಹೆಣ್ಣುಮಕ್ಕಳ ಹೆಸರು ಬರೆದುಕೊಂಡು, ನಾಳೆಯ ಪೂಜೆಗೆ ಎಲ್ಲ ಸರಿಯಿದೆಯೇ ಎಂದು ನೋಡಿ, ಸತ್ಯಮ್ಮನ ಕಟ್ಟೆಯ ಮೇಲೆ ಒಂದು ಚಹಾ ಕುಡಿದು ಹೋಗೋಣವೆಂದು ಕೂತಿದ್ದಳು. ಮುದುಕಿ ಸುಮ್ಮನೆ ಕೇಳಿದ್ದಳು, ಆ ಮಶೀನು ಹಗೇವಿನ ಬಯಲಿಗೆ ಯಾಕೆ ಬಂದದೆ ಎಂದು. ಅಲ್ಲಿಂದ ಮಾತು ಇಲ್ಲಿಗೆ ಬಂದಿತ್ತು.

ವೃಂದಾಬಾಯಿಗೆ ಈಗ ಐವತ್ತೊಂದು. ಜನವಾಡದಲ್ಲಿ ಹುಟ್ಟಿದವಳು. ಮನೆಯಲ್ಲಿ ಅವ್ವನ ಜೊತೆ ಮರಾಠಿ, ಓಣಿಯಲ್ಲಿ ಕನ್ನಡ, ಸಾಲಿಗೆ ಹೋಗುವ ದಾರಿಯಲ್ಲಿ ಎರಡೂ. ಅಪ್ಪ ಪಾಂಡುರಂಗ ಭೂಮಾಪನ ಇಲಾಖೆಯಲ್ಲಿ ಸರಪಳಿ ಹಿಡಿಯುವ ನೌಕರ; ಮೂವತ್ತು ವರ್ಷ ಬೇರೆಯವರ ಹೊಲಗಳ ಮೇಲೆ ಕಬ್ಬಿಣದ ಸರಪಳಿ ಎಳೆದ ಮನುಷ್ಯ. ಸಂಜೆ ಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತ ಮಗಳಿಗೆ ಹೇಳುತ್ತಿದ್ದ ಕಥೆಗಳೆಲ್ಲ ಒಂದೇ ನಮೂನೆಯವು: ಸರಪಳಿ ಕಂಡ ಕೂಡಲೇ ಜನ ಬಾವಿ ಮುಚ್ಚಿಡುತ್ತಾರೆ, ಗಿಡ ಲೆಕ್ಕಕ್ಕೆ ತಪ್ಪಿಸುತ್ತಾರೆ, ತಮ್ಮ ಹೊಲದ ಮೂಲೆಯನ್ನೇ ನಮ್ಮದಲ್ಲ ಎನ್ನುತ್ತಾರೆ. ಕರ ಹಾಕಲು ಬಂದಾರ ಅನ್ನುವ ಹೆದರಿಕೆ. ಹಂಗಾಗಿ ವೃಂದಾ ಭಾಲ್ಕಿಯ ಮಂಗೇಶನನ್ನು ಮದುವೆಯಾಗಿ, ಗಂಡನ ಝೆರಾಕ್ಸ್ ಅಂಗಡಿಯಲ್ಲಿ ನಾಲ್ಕು ವರ್ಷ ಕೂತು, ಜನಗಣತಿಯ ಕೆಲಸಕ್ಕೆ ಒಂದು ಸಲ ಹೋಗಿ, ಊರೂರು ತಿರುಗುವ ಚಟ ಹತ್ತಿಸಿಕೊಂಡು, ಕೊನೆಗೆ ಭಾಲ್ಕಿಯ ಗ್ರಾಮೀಣ ಯೋಜನಾ ಸೇವಾ ಕೇಂದ್ರಕ್ಕೆ ಸೇರಿದಾಗ, ಮೊದಲ ದಿನವೇ ಒಂದು ಮಾತು ಹೇಳಿಬಿಟ್ಟಳು: ಊರೊಳಗೆ ಕಾಗದ ತಗೊಂಡು ಹೋಗುವವಳಲ್ಲ.

ಕೇಂದ್ರದ ಕೆಲಸವೆಂದರೆ ಐದಾರು ಊರು ಒಟ್ಟುಗೂಡಿಸಿ ಯಾವ ಊರಿಗೆ ಏನು ಬೇಕು, ಎಲ್ಲಿ ಬೇಕು, ಬಂದ ಮೇಲೆ ಯಾರು ನಡೆಸಬೇಕು ಎಂದು ಊರವರಿಂದಲೇ ತಿಳಿದು, ನಕಾಶೆ ಮಾಡಿ, ಬೀದರಿನ ಕಚೇರಿಗೆ ಒಯ್ಯುವುದು. ಬೇರೆಯವರು ಪ್ರಶ್ನೆಗಳ ಹಾಳೆ ಹಿಡಿದು ಹೋಗುತ್ತಿದ್ದರು. ವೃಂದಾಬಾಯಿ ಖಾಲಿ ಕೈಯಲ್ಲಿ ಹೋಗಿ, ಯಾವುದಾದರೂ ಅಂಗಳದಲ್ಲಿ ಹೆಣ್ಣುಮಕ್ಕಳನ್ನು ಕೂಡಿಸಿ, ರಂಗೋಲಿ ಪುಡಿಯಿಂದ ಊರಿನ ಸುತ್ತು ಗೆರೆ ಎಳೆದು, “ಇನ್ನ ನಿಮ್ಮೂರು ನೀವೇ ಮಾಡ್ರವ್ವಾ” ಎಂದು ಗೋಡೆಗೆ ಒರಗುತ್ತಿದ್ದಳು. ಒಬ್ಬೊಬ್ಬಳು ಮನೆಯಿಂದ ಒಂದೊಂದು ಹಿಡಿ ಕಾಳು ತರಬೇಕು. ಮನೆಯಿದ್ದಲ್ಲಿ ತೊಗರಿ, ಹಾದಿಗೆ ಜೋಳ, ನೀರಿದ್ದಲ್ಲಿ ಹೆಸರು, ದನ ಕಟ್ಟುವಲ್ಲಿ ಹುರುಳಿ. ಮೊದಲ ಅರ್ಧ ತಾಸು ನಾಚಿಕೆ, ಆಮೇಲೆ ಜಗಳ. ನಿಮ್ಮ ಹಿತ್ತಲ ಇಷ್ಟು ದೊಡ್ಡದೇನು, ಗಿರಣಿ ಆ ಕಡೆ ಅದ, ನಿನ್ನ ಕಾಳು ತೆಗಿ. ಒಂದೂ ಪ್ರಶ್ನೆ ಕೇಳದೆ ಇಡೀ ಊರು ಕಣ್ಣ ಮುಂದೆ ಎದ್ದು ಕೂರುತ್ತಿತ್ತು. ಎಲ್ಲ ಮುಗಿದ ಮೇಲೆ ಮೊಬೈಲಿನಲ್ಲಿ ಫೋಟೋ. ಕಾಳನ್ನೆಲ್ಲ ಬಳಿದು ತೊಳೆದು ಕುದಿಸಿ ಎಲ್ಲರಿಗೂ ಒಂದೊಂದು ಹಿಡಿ ಗುಗ್ಗರಿ.

ಹೀಗೆ ಐವತ್ತಮೂರು ಊರು. ಒಂದೂರಿನಲ್ಲಿ ಹಾಲು ಹಾಕುವ ಜಾಗ ಹೆಣ್ಣುಮಕ್ಕಳ ಓಣಿಗೆ ಬಂತು, ಇನ್ನೊಂದೂರಿನಲ್ಲಿ ದನದ ಡಾಕ್ಟರರ ದಿನ ಸಂತೆಯ ದಿನಕ್ಕೇ ಬದಲಾಯಿತು, ಮತ್ತೊಂದರಲ್ಲಿ ಬಸ್ ನಿಲ್ಲುವ ಜಾಗ ಸಾರಾಯಿ ಅಂಗಡಿ ಮುಂದಿನಿಂದ ಸಾಲಿ ಮುಂದಕ್ಕೆ ಸರಿಯಿತು. ಯಾರೂ ಅವಳ ಹೆಸರು ಎಲ್ಲೂ ಹಾಕಲಿಲ್ಲ, ಅವಳಿಗೂ ಅದರ ಪರಿವೆ ಇರಲಿಲ್ಲ. ಔರಾದ ತಾಲೂಕಿನಲ್ಲಿ ಮಾತ್ರ ಟಂಟಂ ಆಟೋ ಹೊಡೆಯುವ ಹುಡುಗರು ಕೂಡ “ನಕಾಶಾ ಬಾಯಿ ಬಂದ್ರು, ಜರಾ ಸರೀರಿ” ಎಂದು ಮುಂದಿನ ಸೀಟು ಬಿಡಿಸಿಕೊಡುತ್ತಿದ್ದರು, ಅದಕ್ಕೇ ಅವಳು ಒಳಗೊಳಗೇ ಬೀಗುತ್ತಿದ್ದಳು.

ನಾಗಲವಾಡಿಯಲ್ಲಿ ಕಾಳು ಹಾಸಿದ್ದು ಹೋದ ವರ್ಷ ಸೋಯಾ ರಾಶಿ ಮುಗಿದ ಮೇಲೆ. ಆವತ್ತಿನ ಫೋಟೋ ಅವಳ ಕಣ್ಣಿಗೆ ಕಟ್ಟಿದಂತಿತ್ತು. ತೊಗರಿ, ಜೋಳ, ಹೆಸರು, ಎಲ್ಲ ಒತ್ತೊತ್ತಾಗಿ, ನಡುವೆ ವಾಡೆಯ ಪಕ್ಕ ಒಂದು ಅಂಗೈಯಷ್ಟು ಬರೀ ನೆಲ. ಹೆಣ್ಣುಮಕ್ಕಳ ಕೈಗಳು ಆ ಅಂಗೈ ಜಾಗವನ್ನು ಸುತ್ತಿ ಸುತ್ತಿ ಹೋಗುತ್ತಿದ್ದವು. ಒಂದು ಕಾಳು ಉರುಳಿ ಅಲ್ಲಿ ಬಿದ್ದಾಗ ಯಾರೋ ಚಟ್ಟನೆ ಎತ್ತಿ ತೆಗೆದಿದ್ದರು. ಅದನ್ನೂ ವೃಂದಾಬಾಯಿ ನೋಡಿದ್ದಳು. ಎಷ್ಟು ಅಚ್ಚುಕಟ್ಟು ಹೆಣ್ಣುಮಕ್ಕಳು ಎಂದುಕೊಂಡಿದ್ದಳು.

ಬೀದರಿನ ಕಚೇರಿಯಲ್ಲಿ ಅಮರನಾಥ ಆ ಫೋಟೋವನ್ನು ಕಂಪ್ಯೂಟರಿನ ನಕಾಶೆಯ ಮೇಲೆ ಕೂಡಿಸಿದ. ಚುರುಕು ಹುಡುಗ, ಇಂಜಿನಿಯರಿಂಗ್ ಮುಗಿಸಿ ಮೂರನೇ ವರ್ಷ. ಸರಕಾರಿ ಜಾಗ, ಗಿಡವಿಲ್ಲ, ಬಾವಿಯಿಲ್ಲ, ಮನೆಯಿಲ್ಲ, ಪಕ್ಕದಲ್ಲೇ ರಸ್ತೆ. “ಮೇಡಂ, ಗೋದಾಮಿಗೆ ಅಂತ ದೇವರೇ ತೆಗೆದಿಟ್ಟಂಗದ,” ಅಂದಿದ್ದ. ಜಾಗದ ಈಗಿನ ಬಳಕೆ ಎಂಬ ಸಾಲಿನ ಮುಂದೆ ವೃಂದಾಬಾಯಿ ತನ್ನ ಕೈಯಾರೆ ಬರೆದಳು: ಖಾಲಿ. ಯಾರೂ ಬಳಸುವುದಿಲ್ಲ. ಕೆಳಗೆ ಸಹಿ.

“ನಾ ಮದುವಿ ಆಗಿ ಬಂದ ಎರಡನೇ ವರ್ಷ ರೀ,” ಸತ್ಯಮ್ಮ ದನಿ ತಗ್ಗಿಸಿದಳು. “ಈ ಬಯಲಿನಾಗ ದೇಸಾಯರ ಹಗೇವು ಇದ್ದವು. ನೆಲದಾಗ ಕೊಡದಂಗ ತೋಡತಿದ್ರು. ಬಾಯಿ ಸಣ್ಣದು, ಹೊಟ್ಟಿ ಈ ಮನಿಯಷ್ಟು. ಒಳಗ ಕಣಿಕಿ ಹಾಸಿ ಜ್ವಾಳ ತುಂಬಿ, ಬಾಯಿಗಿ ಹಾಸುಗಲ್ಲು ಹಾಕಿ ಮಣ್ಣು ಮೆತ್ತತಿದ್ರು. ಮೂರು ವರ್ಷ ಇಟ್ರೂ ಒಂದು ಹುಳ ಬೀಳತಿದ್ದಿಲ್ಲ. ತೆಗಿಯುವಾಗ ಮೊದಲ ಒಂದು ದಿನ ಬಾಯಿ ತೆರದು ಬಿಡಬೇಕು, ಒಳಗ ಕೆಟ್ಟ ಗಾಳಿ ತುಂಬಿರ್ತದ. ಆಮ್ಯಾಲ ಕಂದೀಲು ಇಳಸಬೇಕು. ಕಂದೀಲು ಉಳದ್ರ ಮನಷ್ಯಾ ಇಳೀಬೇಕು. ಅವತ್ತ ಮಳಿ ಮಾಡ ಹಾಕಿತ್ತು, ಅವಸರ ಮಾಡಿದ್ರು. ನಮ್ಮ ದೊಡ್ಡ ಮೈದುನ ಇಳದ. ಕೂಗಿದ್ರ ಓ ಅನ್ನಲಿಲ್ಲ. ಅವನ್ನ ತೆಗಿಲಾಕ ಸಣ್ಣವ ಇಳದ. ಅವನ ಹಿಂದ ನಮ್ಮ ನೆಗೆಣ್ಣಿ, ಆ ಸಣ್ಣವನ ಹೆಂಡ್ತಿ, ಗಂಡ ಗಂಡ ಅಂತ ಜಿಗದೇ ಬಿಟ್ಲು. ಬಾವ್ಯಾಗಿನ ಕೊಡ ತೆಗಿಯೋ ಪಾತಾಳಗರಡಿ ಇರ್ತದಲ್ಲ, ಅದಕ್ಕ ಸಿಗಸಿ ಮೂರೂ ಮಂದೀನ ಎಳದ್ರು.”

ಅವಳು ಚಹಾದ ಬಶಿಯನ್ನು ಪಕ್ಕಕ್ಕೆ ಸರಿಸಿದಳು.

“ಅದೇ ದಿನ ಎಲ್ಲಾ ಬಾಯಿ ಮುಚ್ಚಿ ಮಣ್ಣು ಹಾಕಿದ್ರು. ದೇಸಾಯರು ಹೈದರಾಬಾದಕ್ಕ ಹೋದ್ರು, ಬಯಲು ಸರಕಾರದ ಪಾಲಾಯ್ತು. ಅವತ್ತಿನಿಂದ ನಮ್ಮೂರ ಹೆಣ್ಣುಮಕ್ಕಳು ಕಾಳಿನ ಬುಟ್ಟಿ ಹೊತ್ತು ಆ ಬಯಲು ದಾಟಂಗಿಲ್ಲ. ಗಿರಣಿಗೆ ಹೋಗಬೇಕಾದ್ರ ಸುತ್ತ ಹಾಕಿ ಹೋಗ್ತೇವಿ. ಹೊರಗಿನವರ ಮುಂದ ಅದರ ಹೆಸರು ತಗಿಬ್ಯಾಡ್ರಿ ಅಂತ ಅತ್ತಿ ಹೇಳಿದ್ಲು. ಈಗಿನ ಸೊಸೆಂದಿರಿಗಿ ಯಾಕ ಅಂತ ಗೊತ್ತಿಲ್ಲ. ಇಡಬಾರದು ಅಂತಷ್ಟೇ ಗೊತ್ತು.”

ಇಪ್ಪತ್ತು ವರ್ಷ ವೃಂದಾಬಾಯಿ ಹೆಣ್ಣುಮಕ್ಕಳ ಕೈಗಳನ್ನು ನಂಬಿ ಬದುಕಿದ್ದಳು. ಕೈಗಳು ಆವತ್ತೂ ಖರೇನೇ ಹೇಳಿದ್ದವು. ಆ ಒಂದು ಕಾಳನ್ನು ಎತ್ತಿ ತೆಗೆದಾಗ ಕೂಗಿ ಹೇಳಿದ್ದವು. ತಾನೇ ಅದರ ಮೇಲೆ ಮೂರು ಶಬ್ದ ಬರೆದು ಸಹಿ ಹಾಕಿದ್ದಳು. ನಾಳೆ ಹತ್ತು ಗಂಟೆಗೆ ಆ ಮೂರು ಶಬ್ದಗಳ ಮೇಲೆ ಶಾಮಿಯಾನ ಏಳುತ್ತದೆ, ಸಾಲಿಯ ಮಕ್ಕಳು ಸಾಲಾಗಿ ನಿಲ್ಲುತ್ತಾರೆ, ಮಶೀನು ನೆಲಕ್ಕೆ ಹಲ್ಲು ಹಚ್ಚುತ್ತದೆ.

ಅವಳು ಅಮರನಾಥನಿಗೆ ಫೋನು ಹಚ್ಚಿದಳು.

“ಹಗೇವು ಅಂದರ ಏನು ಮೇಡಂ?” ಅಂದ ಅವನು. ಬೀದರ ಪೇಟೆಯಲ್ಲಿ ಹುಟ್ಟಿ ಬೆಳೆದವನು. ಹೇಳಿದಳು. ಆ ಕಡೆ ಕುರ್ಚಿ ಕಿರುಗುಟ್ಟಿತು. “ಐವತ್ತು ವರ್ಷದ ಹಿಂದಿನ ಮಾತು. ಎಲ್ಲಾ ತಾನೇ ತುಂಬಿ ಹೋಗಿರ್ತದ. ಒಬ್ಬ ಮುದುಕಿ ಹೇಳ್ಯಾಳಂತ ಪೂಜಿ ನಿಲ್ಲಸ್ರಿ ಅಂತ ನಾ ಮ್ಯಾಲಿನವರಿಗೆ ಹ್ಯಾಂಗ ಹೇಳ್ಲಿ? ಕಾಗದದ ಮ್ಯಾಲ ಏನದ? ಖಾಲಿ ಅಂತ ನಿಮ್ಮದೇ ಅಕ್ಷರ ಅದ.”

“ನನ್ನ ಅಕ್ಷರ ತಪ್ಪದ ಸರ್. ಅದಕ್ಕೇ ಹೇಳಾಕತ್ತೀನಿ.”

“ಜಾಗ ಬದಲಿ ಅಂದ್ರ ಮಂಜೂರಿ ಮುಂದಿನ ಊರಿಗೆ ಹೋಗ್ತದ ಮೇಡಂ. ಯಾದಿ ಪ್ರಕಾರ ತಾನಾಗೇ ಹೋಗ್ತದ. ಆಮ್ಯಾಲ ನಾಗಲವಾಡಿ ಅವರು ನಿಮ್ಮನ್ನ ಊರಾಗ ಬಿಟ್ಕೋತಾರೇನು? ಕಣ್ಣಿಗೆ ಕಾಣೋವಂಥಾದ್ದು ಏನರ ತೋರಿಸ್ರಿ, ಈಗಿಂದೀಗ ನಿಲ್ಲಸ್ತೇನಿ.”

ಫೋನು ಇಡುವಾಗ ಬಸವೇಶ್ವರಿ ಎದುರಿಗೆ ನಿಂತಿದ್ದಳು. ಸಂಘದ ಅಧ್ಯಕ್ಷೆ, ಮೂವತ್ತೆಂಟರ ಗಟ್ಟಿ ಹೆಣ್ಣುಮಗಳು, ಮೂರು ವರ್ಷ ಔರಾದಿಗೂ ಬೀದರಿಗೂ ಅರ್ಜಿ ಹೊತ್ತು ತಿರುಗಿದವಳು. ಕೈಯಲ್ಲಿ ನಾಳೆಯ ಪೂಜೆಗೆಂದು ತಂದ ತೆಂಗಿನಕಾಯಿಗಳ ಚೀಲ.

“ಪೂರಾ ಕೇಳೀನ್ರಿ ಅಕ್ಕಾ,” ಎಂದಳು. “ಈಗ ನಾ ಒಂದು ಕೇಳ್ತೀನಿ. ಹೋದ ವರ್ಷ ನಮ್ಮ ಸೋಯಾ ಅಂಗಳದಾಗ ಮೊಳಕಿ ಒಡೀತು. ಅದರ ಹಿಂದಿನ ವರ್ಷ ತೊಗರಿಗಿ ಬೂಷ್ಟ ಹತ್ತಿತು. ಇಡ್ಲಾಕ ಜಾಗ ಇಲ್ಲಂತ ರಾಶಿ ಮಾಡಿದ ವಾರದಾಗೇ ಮಂದಿ ಕೇಳಿದ ಭಾವಕ್ಕ ಕೊಡ್ತೇವಿ. ಈಗ ಬಂದ ಗೋದಾಮು ಪಕ್ಕದೂರಿಗೆ ಹೋಗ್ಲಿ ಅಂತೀರೇನು?”

“ಹಂಗ ಅನ್ನಲ್ಲವ್ವಾ.”

“ಮತ್ತ ಸುಮ್ಮ ಇರ್ರಿ. ಆಯಿಗಿ ವಯಸ್ಸಾಗ್ಯಾದ. ಹೋದ ವಾರ ನಮ್ಮ ಎಮ್ಮಿಗಿ ಯಾರೋ ಕಣ್ಣ ಹಚ್ಯಾರ ಅಂದ್ಲು. ಎಮ್ಮಿ ಕದ್ದು ಹಿಟ್ಟು ತಿಂದಿತ್ತು, ಅಷ್ಟೇ.”

“ನಿನ್ನ ಎಮ್ಮಿ ನಿನ್ನಂಗೇ, ಹೊಟ್ಟಿಬಾಕ,” ಎಂದಳು ಸತ್ಯಮ್ಮ. “ಹಗೇವು ಸುಳ್ಳಂದ್ರ ನಾಳಿ ನೀನೇ ಮೊದಲ ನಿಲ್ಲು ಅಲ್ಲಿ.”

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಯೋಚನೆ ವೃಂದಾಬಾಯಿಯ ತಲೆಗೆ ಬರಲಿಲ್ಲವೆಂದರೆ ಸುಳ್ಳಾದೀತು. ಬಂತು, ಒಂದು ಗಳಿಗೆ ಕೂತಿತು ಕೂಡ. ಹಗೇವು ಖರೇನೇ ತುಂಬಿರಬಹುದು. ಅಮರನಾಥ ಓದಿದವನು. ಗೋದಾಮು ಎದ್ದರೆ ಈ ನೂರಾ ಇಪ್ಪತ್ತು ಮನೆಗಳ ಬದುಕು ಒಂದು ಮೆಟ್ಟಿಲು ಮೇಲೇರುತ್ತದೆ, ಅದಕ್ಕಾಗಿಯೇ ಅಲ್ಲವೇ ಇಷ್ಟು ವರ್ಷ ಎರಡೆರಡು ಬಸ್ಸು ಬದಲಿಸಿ ತಿರುಗಿದ್ದು. ಅವಳು ಎದ್ದು, ಸೆರಗು ಸೊಂಟಕ್ಕೆ ಸಿಗಿಸಿ, ಬಯಲಿನ ಕಡೆಗೆ ನಡೆದಳು. ನೋಡಿ ಬರುವುದರಲ್ಲಿ ಏನಿದೆ.

ಜೆಸಿಬಿಯ ನೆರಳಿನಲ್ಲಿ ಗೌಸೋದ್ದೀನ ಡಬ್ಬಿ ಬಿಚ್ಚಿ ರೊಟ್ಟಿ ತಿನ್ನುತ್ತಿದ್ದ. ಔರಾದದವನು, ಆ ಕಡೆಯ ಅರ್ಧ ಕೆರೆಗಳ ಹೂಳು ತೆಗೆದವನು. “ಬರ್ರಿ ಮೇಡಂ, ಊಟ ಮಾಡ್ರಿ,” ಎಂದು ಸರಿದು ಕೂತ. ವೃಂದಾಬಾಯಿಯ ಕಣ್ಣು ಮಶೀನಿನ ಮುಂದಿನ ಗಾಲಿಯ ಮೇಲಿತ್ತು. ಎಡಗಾಲಿ ಒಂದು ಗೇಣು ನೆಲದೊಳಗೆ ಇಳಿದಿತ್ತು. ಫೆಬ್ರವರಿ ತಿಂಗಳು, ಮೂರು ತಿಂಗಳಿಂದ ಹನಿ ಮಳೆಯಿಲ್ಲ, ಕೆಂಪು ಮುರುಮಿನ ನೆಲ ಒಣಗಿ ಫರಸಿಯಂತೆ ಗಟ್ಟಿಯಾಗಿತ್ತು.

“ಇದು ಯಾವಾಗ ಇಳೀತು?”

“ರಾತ್ರಿ ಇಳದದ ನೋಡ್ರಿ. ನಿನ್ನಿ ಸಮಾ ಇತ್ತು. ಮಶೀನ್ ತಿಂದು ತಿಂದು ಮೋಟಾ ಆಗ್ಯಾದ, ನನ್ನ ಹೆಂಡ್ತಿ ನನಗ ಅಂದಂಗ.”

“ನೀವು ನಿನ್ನಿ ಎಲ್ಲಿ ಮಲಗಿದ್ರಿ ಭಾಯಿ?”

“ಇಲ್ಲೇ, ಗಾಡಿ ಕೆಳಗ. ತಂಪಿತ್ತು. ನೆಲದಾಗಿಂದ ಗಾಳಿ ಬಂದಂಗ ಆಗ್ತಿತ್ತು.”

ಸತ್ಯಮ್ಮ ಬಯಲಿನ ಅಂಚಿನವರೆಗೆ ಬಂದು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟಿದ್ದಳು; ಮುಂದೆ ಒಂದು ಹೆಜ್ಜೆ ಇಡಲಿಲ್ಲ. ಅಲ್ಲಿಂದಲೇ ಕೂಗಿ ಹೇಳಿದಳು, “ಅಟ್ಟದ ಮ್ಯಾಲ ನನ್ನ ಒನಕಿ ಅದ, ತರಸ್ರಿ. ನಮ್ಮ ಮಾವ ಒನಕಿಲೇ ಹುಡಕತಿದ್ದ. ಗಟ್ಟಿ ನೆಲ ಧಪ್ ಅಂತದ. ಹಗೇವು ಇದ್ದಲ್ಲಿ ಬ್ಯಾರೆ ಅಂತದ. ಕೇಳಿದ್ರ ತಿಳೀತದ.”

ಒನಕೆ ಬಂತು, ಅದರ ಹಿಂದೆ ಓಣಿಯ ಹೆಣ್ಣುಮಕ್ಕಳೂ ಬಂದರು. ಗೌಸೋದ್ದೀನ ಗಾಡಿಯ ಹಗ್ಗ ತೆಗೆದು ವೃಂದಾಬಾಯಿಯ ಸೊಂಟಕ್ಕೆ ಕಟ್ಟಿದ. ತಾನೇ ಕುಟ್ಟುತ್ತೇನೆಂದ, ಅವಳು ಬಿಡಲಿಲ್ಲ. ಖಾಲಿ ಎಂದು ಬರೆದ ಕೈ ತನ್ನದು. ಹಗ್ಗದ ಇನ್ನೊಂದು ತುದಿಯನ್ನು ರಸ್ತೆಯಾಚೆಯ ಬೇವಿನ ಗಿಡಕ್ಕೆ ಸುತ್ತಿ ನಾಲ್ಕು ಹೆಣ್ಣುಮಕ್ಕಳು ಹಿಡಿದರು. ಬಸವೇಶ್ವರಿ ಕಾಯಿಯ ಚೀಲ ಹಿಡಿದೇ ದೂರ ನಿಂತು ನೋಡಿದಳು. “ಮದುವಿ ಹೆಣ್ಣಂಗ ಕಾಣ್ತೀರಿ ಅಕ್ಕಾ,” ಎಂದಳು, ಅವಳ ದನಿಯಲ್ಲಿ ನಗು ಅಷ್ಟಕ್ಕಷ್ಟೆ.

ರಸ್ತೆಯ ಕಡೆಯಿಂದ ಸುರುಮಾಡಿದಳು. ಧಪ್. ಒಂದು ಹೆಜ್ಜೆ. ಧಪ್. ಇನ್ನೊಂದು. ಹತ್ತು ಹೆಜ್ಜೆಯವರೆಗೆ ಏನಿಲ್ಲ, ಹೆಣ್ಣುಮಕ್ಕಳು ಗುಸುಗುಸು ಮಾತಾಡತೊಡಗಿದರು, ಯಾರೋ ಅನ್ನಕ್ಕೆ ಇಟ್ಟು ಬಂದೀನಿ ಎಂದರು. ಹನ್ನೊಂದನೆಯದಕ್ಕೆ ಒನಕೆಯ ಕೆಳಗಿನಿಂದ ಡೊಳ್ಳಿನ ಹಿಂಬದಿ ತಟ್ಟಿದಂತಹ ಸದ್ದು ಬಂತು. ಮಾತೆಲ್ಲ ನಿಂತಿತು. ಅವಳು ಅಲ್ಲೊಂದು ಕಲ್ಲಿಟ್ಟು ಸುತ್ತಿ ಹೋದಳು. ನಾಲ್ಕು ಹೆಜ್ಜೆಯಾಚೆ ಮತ್ತೆ ಅದೇ. ಮತ್ತೊಂದು ಕಲ್ಲು. ಮೂರನೆಯದು. ಒಂದರ ಹಿಂದೆ ಒಂದು, ಸಾಲು ಬಾಗಿ ಬಾಗಿ ಜೆಸಿಬಿಯ ಕಡೆಗೇ ಹೋಗುತ್ತಿತ್ತು. ಆರನೆಯ ಸದ್ದು ಗೌಸೋದ್ದೀನ ಊಟದ ಡಬ್ಬಿ ಇಟ್ಟಿದ್ದ ಜಾಗದಿಂದ ಬಂತು.

ಅವನು ಡಬ್ಬಿ ಮುಟ್ಟಲಿಲ್ಲ. “ಯಾ ಅಲ್ಲಾ,” ಎಂದು ಮೆಲ್ಲಗೆ ಅಂದು, ಗಾಡಿಯ ಕಡೆ ನೋಡಿದ. “ಮೇಡಂ, ಇದನ್ನ ತೆಗೀಬೇಕು. ನಿಂತಷ್ಟೂ ಇಳೀತದ. ಮಾಲಕರ ಗಾಡಿ.”

“ಬ್ಯಾಡ ಭಾಯಿ. ಗಾಡಿ ಹೋದ್ರ ಹೋಗ್ಲಿ.”

“ಹಿಂದಿನ ಗಾಲಿ ಗಟ್ಟಿ ನೆಲದ ಮ್ಯಾಲ ಅವ. ಬಕೇಟ್ ನೆಲಕ್ಕ ಊರಿ ಹಿಂದ ನೂಕ್ತೇನಿ. ಎರಡು ಮಿನಿಟಿನ ಕೆಲಸ. ಎಲ್ಲಾರೂ ದೂರ ಸರೀರಿ.”

ತಡೆಯುವುದರೊಳಗೆ ಹತ್ತಿ ಕೂತಿದ್ದ. ಇಂಜಿನು ಸುರುವಾದದ್ದೇ ತಡ, ಎಡಗಾಲಿಯ ಸುತ್ತ ನೆಲ ನಡುಗಿ, ಸಣ್ಣ ಸಣ್ಣ ಬಿರುಕು ಹರಿದು, ಒಳಗಿನಿಂದ ಕೆಂಪು ಧೂಳು ಉಸಿರು ಬಿಟ್ಟಂತೆ ಮೇಲೆದ್ದಿತು. ಗಾಲಿ ಇನ್ನೂ ಒಂದು ಮೊಳ ಇಳಿಯಿತು. ಗಾಡಿ ಮುಂದಕ್ಕೆ ಬಾಗಿತು. ಗೌಸೋದ್ದೀನ ಹಲ್ಲು ಕಚ್ಚಿ ಬಕೆಟ್ಟನ್ನು ಬಲಗಡೆಯ ನೆಲಕ್ಕೆ ಊರಿದ, ಹಿಂದಿನ ಗಾಲಿಗಳು ಒಮ್ಮೆ ಸುಮ್ಮನೆ ತಿರುಗಿದವು, ಎರಡನೆಯ ಸಲ ನೆಲ ಹಿಡಿದವು. ಗಾಡಿ ಒಂದು ಜೋರು ಜಗ್ಗಿಗೆ ಹಿಂದೆ ಬಂದು ರಸ್ತೆಗೆ ಅಡ್ಡ ನಿಂತಿತು. ಅದು ನಿಂತಿದ್ದ ಜಾಗದಲ್ಲಿ ಒಂದು ಹಾಸುಗಲ್ಲು ಎರಡಾಗಿ, ಊಟದ ಡಬ್ಬಿಯನ್ನೂ ಎಳೆದುಕೊಂಡು, ಒಳಗೆ ಜಾರಿತು. ಬಿದ್ದ ಸದ್ದು ಕೇಳಲು ಬಹಳ ಹೊತ್ತು ಹಿಡಿಯಿತು ಅನಿಸಿತು ಎಲ್ಲರಿಗೂ.

ಕಪ್ಪು ಬಾಯಿ. ಒಳಗಿನಿಂದ ಹುಳಿ ಬಂದ ಹಿಟ್ಟಿನಂತಹ ವಾಸನೆ.

ಗೌಸೋದ್ದೀನ ಇಳಿದು ಬಂದ. ಡಬ್ಬಿ ಹೋಯಿತಲ್ಲ ಎಂದು ಗೊಣಗಿದ. “ಈಗ ಮನಿಗೆ ಹೋಗಿ ಏನ್ ಹೇಳ್ಲಿ ಆಕಿಗೆ.”

“ಕಂದೀಲು ಇಳಸ್ರಿ,” ಎಂದಳು ಸತ್ಯಮ್ಮ ದೂರದಿಂದ.

ವೃಂದಾಬಾಯಿ ಅಮರನಾಥನಿಗೆ ವಿಡಿಯೋ ಕಾಲ್ ಹಚ್ಚಿ ಫೋನನ್ನು ಒಬ್ಬ ಹುಡುಗಿಯ ಕೈಗೆ ಕೊಟ್ಟಳು. ಗಟ್ಟಿ ನೆಲದ ಮೇಲೆ ಹೊಟ್ಟೆ ಊರಿ ಮಲಗಿ, ಉದ್ದ ಗಳದ ತುದಿಗೆ ಕಂದೀಲು ಕಟ್ಟಿಸಿಕೊಂಡು ಬಾಯೊಳಗೆ ಇಳಿಸಿದಳು. ದೀಪ ಕೆಂಪಗೆ ಉರಿಯಿತು. ಮಣ್ಣು ಮೆತ್ತಿದ ಗೋಡೆ, ಅದರ ಮೇಲೆ ಯಾರದೋ ಬೆರಳುಗಳ ಗುರುತು ಇನ್ನೂ ಹಾಗೇ ಇತ್ತು. ಇನ್ನಷ್ಟು ಇಳಿಸಿದಳು. ಒಬ್ಬ ಮನುಷ್ಯನ ಎತ್ತರಕ್ಕೆ ಹೋದಾಗ ದೀಪ ಸಣ್ಣಗಾಯಿತು, ನೀಲಿಯಾಯಿತು, ಊದಿ ಆರಿಸಿದಂತೆ ಹೋಯಿತು. ಹೊರಗೆ ಗಾಳಿ ಬೀಸುತ್ತಿರಲಿಲ್ಲ. ಕಂದೀಲಿಗೆ ಗಾಜು ಕೂಡ ಇತ್ತು.

ಫೋನಿನ ಪರದೆಯಲ್ಲಿ ಅಮರನಾಥ ಮುಖ ಹತ್ತಿರ ತಂದು ನೋಡುತ್ತಿದ್ದ.

“ಇನ್ನೊಮ್ಮೆ ತೋರಿಸಲೇನ್ರಿ ಸರ್?”

“ಬ್ಯಾಡ ಮೇಡಂ. ಎಲ್ಲಾರನ್ನೂ ಅಲ್ಲಿಂದ ತೆಗೀರಿ.” ಅವನ ದನಿ ಬದಲಾಗಿತ್ತು. “ಪೂಜಿ ರದ್ದು. ನಾ ಈಗೇ ಹೇಳ್ತೇನಿ. ಮಣ್ಣು ಪರೀಕ್ಷಾ ಮಾಡೋರನ್ನ ಕರಕೊಂಡು ಸೋಮವಾರ ನಾನೇ ಬರ್ತೇನಿ. ಆ ಫಾರ್ಮು... ನಾನೂ ಬಂದು ನೋಡಬೇಕಿತ್ತು. ಫೋಟೋದ ಮ್ಯಾಲೇ ಮಾಡಿಬಿಟ್ಟೆ.”

“ಗೋದಾಮು?” ಬಸವೇಶ್ವರಿ ಫೋನಿಗೆ ಮುಖ ಹಚ್ಚಿ ಕೇಳಿದಳು.

“ಸೋಮವಾರ ಬಂದು ಹೇಳ್ತೇನ್ರಿ ಅಕ್ಕಾ. ಈಗ ಏನೂ ಹೇಳ್ಲಾಕ ಬರಂಗಿಲ್ಲ.”

ಬಸವೇಶ್ವರಿ ಕಾಯಿಯ ಚೀಲವನ್ನು ಕೆಳಗಿಟ್ಟಳು. ಕಣ್ಣು ಒದ್ದೆಯಾಗಿದ್ದವು, ಸಿಟ್ಟೋ ಹೆದರಿಕೆಯೋ ಅವಳಿಗೇ ತಿಳಿದಂತಿರಲಿಲ್ಲ. ವೃಂದಾಬಾಯಿಗೆ ಏನಾದರೂ ಹೇಳಬೇಕೆನಿಸಿತು. ತಪ್ಪಾಯಿತು ಎನ್ನಬಹುದಿತ್ತು. ಅಷ್ಟರಲ್ಲಿ ಬಸವೇಶ್ವರಿ ಒನಕೆಯನ್ನು ಎತ್ತಿಕೊಂಡಳು.

“ಆರೇ ಅವ ಅಂತ ಹ್ಯಾಂಗ ಗೊತ್ತು?” ಎಂದು ಸತ್ಯಮ್ಮನ ಕಡೆ ತಿರುಗಿದಳು. “ಆಯಿ, ಎಷ್ಟು ಇದ್ದವು?”

ಸತ್ಯಮ್ಮ ಕಲ್ಲಿನ ಮೇಲೆ ಕೂತಲ್ಲೇ ಕಣ್ಣು ಮುಚ್ಚಿ ಲೆಕ್ಕ ಹಾಕಿದಳು. ತುಟಿ ಅಲುಗುತ್ತಿದ್ದವು. “ನಮ್ಮ ಮಾವ ಹದಿನಾಕು ಅಂತಿದ್ದ.”

“ಬಯಲಿನಾಗೇ ಹದಿನಾಕು?”

“ಆವಾಗ ಈ ಓಣಿ ಎಲ್ಲಿತ್ತವ್ವಾ. ಈ ರಸ್ತಾ ಎಲ್ಲಿತ್ತು. ವಾಡೇದ ಸುತ್ತ ಪೂರಾ ಬಯಲೇ.”

ವೃಂದಾಬಾಯಿ ತನ್ನ ಸೊಂಟದ ಹಗ್ಗ ಬಿಚ್ಚಿ ಬಸವೇಶ್ವರಿಗೆ ಕಟ್ಟಿದಳು, ತಾನು ಹೋಗಿ ಹಗ್ಗ ಹಿಡಿದಳು. ಬಸವೇಶ್ವರಿ ಬಯಲು ಬಿಟ್ಟು ಓಣಿಯ ಬಾಯಿಯಿಂದ ಕುಟ್ಟುತ್ತ ಹೊರಟಳು. ರಸ್ತೆಯ ಅಂಚಿಗೆ ಒಂದು. ನೀರಿನ ಟಾಕಿಯ ಕಟ್ಟೆಯಿಂದ ನಾಲ್ಕು ಮೊಳಕ್ಕೆ ಒಂದು. ಅಂಗನವಾಡಿಯ ಗೋಡೆಯ ಬುಡದಲ್ಲಿ ಅವಳು ಒನಕೆಯನ್ನು ಮೆಲ್ಲಗೆ, ಮಗುವಿನ ಬೆನ್ನು ತಟ್ಟುವಷ್ಟು ಮೆಲ್ಲಗೆ ಊರಿದಳು, ಆದರೂ ಆ ಸದ್ದು ಇಡೀ ಓಣಿಗೆ ಕೇಳಿತು. ಒಳಗೆ ಮಕ್ಕಳು ಹಾಡು ಹೇಳುತ್ತಿದ್ದವು. ಚಪ್ಪಾಳೆ ಹೊಡೆಯುತ್ತ, ಕಾಲು ಕುಟ್ಟುತ್ತ.

ಬಸವೇಶ್ವರಿ ಒನಕೆ ಬಿಟ್ಟು ಒಳಗೆ ಓಡಿದಳು. ಹಾಡು ಅರ್ಧಕ್ಕೆ ನಿಂತಿತು. ಒಂದೊಂದೇ ಮಗುವನ್ನು ಎತ್ತಿ ಕಿಟಕಿಯಿಂದ, ಬಾಗಿಲಿನಿಂದ ಹೊರಗೆ ಕೊಟ್ಟರು. ಇಪ್ಪತ್ತೆರಡು ಮಕ್ಕಳು, ವೃಂದಾಬಾಯಿ ಎಣಿಸಿದಳು, ಮತ್ತೊಮ್ಮೆ ಎಣಿಸಿದಳು. ಮಕ್ಕಳಿಗೆ ಇದೇನೋ ಹೊಸ ಆಟವೆನಿಸಿ ಇನ್ನೊಮ್ಮೆ ಎತ್ತಿರಿ ಎಂದು ಸೆರಗು ಜಗ್ಗಿದವು.

ಸಂಜೆ ನಾಲ್ಕಕ್ಕೆ ಸಂತಪುರದ ಟಂಟಂ ಬಂದು ಹಾರ್ನು ಹೊಡೆಯಿತು. ರಸ್ತೆಗೆ ಅಡ್ಡ ಕಟ್ಟಿದ ಹಗ್ಗದಾಚೆಯೇ ನಿಲ್ಲಿಸಿದರು. ಒಂಬತ್ತು ಕಲ್ಲುಗಳಿಗೆ ಸುಣ್ಣ ಬಳಿದಾಗಿತ್ತು. ಉಳಿದ ಐದು ಎಲ್ಲಿವೆಯೋ, ಯಾರ ಪಡಸಾಲೆಯ ಕೆಳಗೋ, ಯಾರ ಒಲೆಯ ಕೆಳಗೋ. ಹೆಣ್ಣುಮಕ್ಕಳು ತಮ್ಮ ತಮ್ಮ ಹೊಸ್ತಿಲು ದಾಟುವ ಮುಂಚೆ ಒಂದು ಗಳಿಗೆ ನಿಂತು ನೆಲ ನೋಡುತ್ತಿದ್ದರು.

“ಸೋಮವಾರದೊಳಗ ಇನ್ನೊಂದು ಜಾಗ ನೋಡಿ ಇಡ್ರಿ,” ಎಂದಳು ವೃಂದಾಬಾಯಿ. “ಅಮರನಾಥ ಸರ್ ಬಂದಾಗ ಈ ಊರಾಗೇ ಬ್ಯಾರೆ ಜಾಗ ಅದ ಅಂತ ತೋರಸಬೇಕು. ಮಂಜೂರಿ ಉಳೀತದೋ ಇಲ್ಲೋ, ಖರೆ ಹೇಳ್ತೇನಿ, ನನಗ ಗೊತ್ತಿಲ್ಲ. ನನ್ನ ತಪ್ಪು ನಾ ಬರದು ಕೊಡ್ತೇನಿ.”

“ಬರದು ಕೊಡ್ರಿ. ಆದ್ರ ನೀವೂ ಬರ್ರಿ,” ಎಂದಳು ಬಸವೇಶ್ವರಿ. “ಬರೇ ಕಾಗದ ಕಳಿಸಬ್ಯಾಡ್ರಿ.”

“ಬರೂ ಸೋಮವಾರ ಮೊದಲನೇ ಬಸ್ಸಿಗಿ ಬರ್ತೇನಿ. ಸರ್ ಬರೂಕಿಂತ ಮುಂಚೆ ಮನಿಮನಿ ನೋಡೂಣು. ಅಲ್ಲೀತನಕ ಮಕ್ಕಳನ್ನ ಗುಡಿ ಮುಂದಿನ ಕಟ್ಟಿ ಮ್ಯಾಲೇ ಕೂಡಸ್ರಿ. ಮನ್ಯಾಗ ಭಾರದ್ದು ಏನೂ ಸರಸಬ್ಯಾಡ್ರಿ.”

“ಎಷ್ಟು ಗಂಟೆಗೆ ಬರ್ತೀರಿ?”

“ಒಂಬತ್ತಕ್ಕ ಇಲ್ಲಿ ಇರ್ತೇನಿ.”

“ಎಂಟಕ್ಕ ಬರ್ರಿ,” ಎಂದಳು ಬಸವೇಶ್ವರಿ, ತನ್ನ ಮನೆಯ ಬಾಗಿಲಲ್ಲಿ ನಿಂತು, ಇನ್ನೂ ಒಳಗೆ ಕಾಲಿಡದೆ. “ಮೊದಲ ನಮ್ಮ ಮನಿ ನೋಡೂಣು.”